ಲಂಡನ್–ನ್ಯೂಯಾರ್ಕ್: ಹೋಗುವಾಗ 8 ಗಂಟೆ, ಬರುವಾಗ 7 ಯಾಕೆ?
ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಗಾಳಿ. ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಅಂತ ಹಿಡಿದು, ಸುಮಾರು 5,550 ಕಿ.ಮೀ. ದೂರವನ್ನು ಅದರಿಂದ ಭಾಗಿಸಿದರೆ ಆರು ಗಂಟೆ ಚಿಲ್ಲರೆ ಬರುತ್ತದೆ, ಆ ಲೆಕ್ಕ ಸರಿಯೇ. ಆದರೆ ವಿಮಾನ ಹಾರುವ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ನ್ಯೂಯಾರ್ಕ್‌ಗೆ ಹೋಗುವಾಗ ಅದು ಎದುರುಗಾಳಿ, ವಾಪಸ್ ಬರುವಾಗ ಹಿಂದಿನಿಂದ ತಳ್ಳುತ್ತದೆ. ಜೊತೆಗೆ ಟಿಕೆಟ್‌ನಲ್ಲಿರುವುದು ಬರೀ ಹಾರಾಟದ ಸಮಯ ಅಲ್ಲ. ಗೇಟ್ ಬಿಟ್ಟಲ್ಲಿಂದ ಇನ್ನೊಂದು ಗೇಟ್ ಮುಟ್ಟುವ ತನಕದ್ದು. ರನ್‌ವೇ ಹತ್ತಿರ ಸಾಲಿನಲ್ಲಿ ಕಾಯುವುದು, ಇಳಿಯುವ ಮೊದಲು ಸುತ್ತು ಹಾಕುವುದು ಎಲ್ಲಾ ಅದರಲ್ಲೇ ಸೇರಿರುತ್ತದೆ.

ಪ್ರಯಾಣಕ್ಕೆ ಎಷ್ಟು ಹೊತ್ತು ಬೇಕು ಅಂತ ತಿಳಿಯಲು, ಮೊದಲು ಟಿಕೆಟ್‌ನಲ್ಲಿರುವ ಹೊರಡುವ, ಇಳಿಯುವ ಎರಡೂ ಸಮಯವನ್ನು ಒಂದೇ ಊರಿನ ಗಡಿಯಾರಕ್ಕೆ ತನ್ನಿ. ಬೆಳಗ್ಗೆ 11ಕ್ಕೆ ಹೊರಟು ಮಧ್ಯಾಹ್ನ 2ಕ್ಕೆ ಇಳಿದರೆ ಅದು 3 ಗಂಟೆ ಅಲ್ಲ. ನ್ಯೂಯಾರ್ಕ್ 5 ಗಂಟೆ ಹಿಂದಿದೆ, ಹಾಗಾಗಿ 8. ಮಾರ್ಚ್‌ನಲ್ಲಿ ಮತ್ತು ಅಕ್ಟೋಬರ್ ಕೊನೆಯಲ್ಲಿ ಸ್ವಲ್ಪ ದಿನ ಈ ಅಂತರ 4 ಗಂಟೆ ಆಗುತ್ತದೆ, ತಾರೀಕು ನೋಡಿಕೊಳ್ಳಿ. ಆಮೇಲೆ ಅದೇ ನಂಬರಿನ ವಿಮಾನ ಕಳೆದ ವಾರ ನಿಜವಾಗಿ ಎಷ್ಟು ಹೊತ್ತಿಗೆ ಇಳಿದಿದೆ ಅಂತ ವಿಮಾನಗಳ ಹಾರಾಟ ತೋರಿಸುವ ಫ್ಲೈಟ್‌ರಾಡಾರ್24 ವೆಬ್‌ಸೈಟ್‌ನಲ್ಲಿ ನೋಡಿ. ನೀವು ಹೋಗುವ ದಿನ ಗಾಳಿ ಹೇಗಿರುತ್ತೋ ಈಗಲೇ ಹೇಳಲು ಆಗುವುದಿಲ್ಲ. ಮುಂದೆ ಕನೆಕ್ಟಿಂಗ್ ವಿಮಾನ ಹಿಡಿಯಬೇಕಿದ್ದರೆ ಟಿಕೆಟ್‌ನ ಸಮಯವನ್ನೇ ನಂಬಿ, ಕಿಲೋಮೀಟರ್ ಲೆಕ್ಕ ಬೇಡ.