ಕೋಚಿಂಗ್ ಇಲ್ಲದೆ ಡೆಲ್ಟಾ ಪರೀಕ್ಷೆ ಬರೆಯಬಹುದಾ?

ಪ್ರಶ್ನೆ: ನಾನು ತೀರ್ಥಹಳ್ಳಿಯ ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಇಂಗ್ಲಿಷ್ ಕಲಿಸುವವರಿಗೆ ಕೇಂಬ್ರಿಜ್ ಕೊಡುವ ಡಿಪ್ಲೊಮಾ ಡೆಲ್ಟಾ; ಅದರ ಮೊದಲ ಮಾಡ್ಯೂಲ್‌ನ (ಭಾಗದ) ಪರೀಕ್ಷೆ ಬರೆಯುವ ಆಸೆ ಇದೆ. ವ್ಯಾಕರಣ ಚೆನ್ನಾಗಿ ಗೊತ್ತು. ಆದರೆ ಇಲ್ಲಿ ಕೋಚಿಂಗ್ ಕೊಡುವವರಿಲ್ಲ, ಮಳೆಗಾಲ ಬಂದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಒಬ್ಬಳೇ ಓದಿ ಪಾಸಾಗಬಹುದೇ?

ಉತ್ತರ: ಆಗಬಹುದು. ಮಾಡ್ಯೂಲ್ ಒಂದಕ್ಕೆ ಕೋರ್ಸ್ ಸೇರಲೇಬೇಕು ಅನ್ನುವ ನಿಯಮ ಇಲ್ಲ. ಪಾಠ ಮಾಡಿ ತೋರಿಸುವುದೆಲ್ಲ ಎರಡನೇ ಮಾಡ್ಯೂಲ್‌ನಲ್ಲಿ, ದೊಡ್ಡ ಪ್ರಬಂಧ ಮೂರನೆಯದರಲ್ಲಿ. ಈಗ ನಿಮ್ಮ ಮುಂದಿರುವುದು ಲಿಖಿತ ಪರೀಕ್ಷೆ ಮಾತ್ರ. ಒಂದೂವರೆ ಗಂಟೆಯ ಎರಡು ಪೇಪರ್, ತಲಾ 100 ಅಂಕ, ನಡುವೆ ಅರ್ಧ ಗಂಟೆ ಬಿಡುವು.

ವ್ಯಾಕರಣ ಚೆನ್ನಾಗಿ ಗೊತ್ತು ಅಂದಿದ್ದೀರಲ್ಲ, ನನಗೆ ಸ್ವಲ್ಪ ಅಳುಕು ಇರುವುದು ಅಲ್ಲೇ. ಗೊತ್ತಿರುವುದು ಬೇರೆ, ಅಂಕ ಬರುವ ಹಾಗೆ ಬಿಡಿಸಿ ಬರೆಯುವುದು ಬೇರೆ. ಮೊದಲ ಪೇಪರ್‌ನಲ್ಲಿ ಒಂದು ಬರಹ ಕೊಟ್ಟು, ಅದರಲ್ಲಿನ ಕೆಲವು ಮಾತುಗಳ ರೂಪ, ಅರ್ಥ, ಉಚ್ಚಾರ ಕೇಳುತ್ತಾರೆ. ‘ಯು ಶುಡ್ ಹ್ಯಾವ್ ಕಮ್’ ಅಂತ ಇದೆ ಅಂದುಕೊಳ್ಳಿ. ‘ಇದು ಪಾಸ್ಟ್ ಟೆನ್ಸ್’ ಎಂದು ಬರೆದು ಮುಂದೆ ಹೋದರೆ ಕೈಗೆ ಏನೂ ಸಿಗುವುದಿಲ್ಲ. ರೂಪ: ‘ಶುಡ್’ ಎಂಬ ಮೋಡಲ್ (ಸಹಾಯಕ) ಕ್ರಿಯಾಪದ, ಹ್ಯಾವ್, ಆಮೇಲೆ ಪಾಸ್ಟ್ ಪಾರ್ಟಿಸಿಪಲ್. ಅರ್ಥ: ಅವರು ಬರಲಿಲ್ಲ, ಬರಬೇಕಿತ್ತು, ಹೇಳುವವರ ದನಿಯಲ್ಲಿ ಆಕ್ಷೇಪವೋ ಬೇಸರವೋ ಇದೆ. ಉಚ್ಚಾರ: ‘ಹ್ಯಾವ್’ ತಗ್ಗಿ, ‘ಶುಡ್’ ಜೊತೆ ಸೇರಿ ‘ಶುಡವ್’ ಆಗುತ್ತದೆ. ಇದನ್ನು ಉತ್ತರದಲ್ಲಿ ಧ್ವನಿಲಿಪಿಯಲ್ಲೇ, ಅಂದರೆ ಒಂದೊಂದು ಧ್ವನಿಗೆ ಒಂದೊಂದು ಚಿಹ್ನೆ ಇರುವ ಲಿಪಿಯಲ್ಲೇ, ಬರೆಯಬೇಕು. ಹಾಗಾಗಿ ಇಂಗ್ಲಿಷಿನ 44 ಧ್ವನಿಗಳ ಚಾರ್ಟ್ ಅಡುಗೆಮನೆ ಗೋಡೆಗೆ ಇವತ್ತೇ ಅಂಟಿಸಿ. ನಮ್ಮ ಶಾಲೆಗಳಲ್ಲಿ ಯಾರೂ ಮುಟ್ಟದ ಭಾಗ ಅದು, ಅಲ್ವಾ?

ವಿದ್ಯಾರ್ಥಿಯ ಬರಹ ಕೊಟ್ಟು ಗುಣದೋಷ ಕೇಳುವ ಪ್ರಶ್ನೆಗೆ ಬೇರೆ ಪುಸ್ತಕ ಬೇಡ. ನಿಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳ ನೋಟ್‌ಬುಕ್ ಸಾಕು. ‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಕಂಡರೆ ಕೆಂಪು ಗೆರೆ ಎಳೆದು ಬಿಡಬೇಡಿ. ‘ಸ್ಟೇಟಿವ್ (ಸ್ಥಿತಿ ಹೇಳುವ) ಕ್ರಿಯಾಪದವನ್ನು ಕಂಟಿನ್ಯೂಯಸ್‌ನಲ್ಲಿ ಬಳಸಿದ್ದಾನೆ, ಸಿಂಪಲ್ ಪ್ರೆಸೆಂಟ್ ಬೇಕಿತ್ತು’ ಎಂದು ಪಕ್ಕದಲ್ಲಿ ಬರೆಯಿರಿ. ಆ ಹುಡುಗ ಚೆನ್ನಾಗಿ ಮಾಡಿದ್ದನ್ನೂ ಹೆಸರಿಟ್ಟು ಬರೆಯಿರಿ. ತಪ್ಪು ಹುಡುಕುವ ಅಭ್ಯಾಸ ನಮಗೆ ಎಷ್ಟು ಅಂದರೆ, ಒಳ್ಳೆಯದು ಬರೆ ಅಂದರೆ ಪೆನ್ನು ನಿಂತುಬಿಡುತ್ತದೆ.

ಪಾರಿಭಾಷಿಕ ಪದಗಳ ಉದ್ದ ಪಟ್ಟಿ ಸುಮ್ನೆ ಉರು ಹೊಡೆಯುವುದು ನನಗೆ ಒಪ್ಪಿಗೆ ಇಲ್ಲ. ಪ್ರತಿ ಪದಕ್ಕೂ ಒಂದು ಉದಾಹರಣೆ ಜೊತೆಗಿರಲಿ. ಕೊಲೊಕೇಶನ್ (ರೂಢಿಯಲ್ಲಿ ಜೊತೆಯಾಗಿ ಬರುವ ಪದಗಳು) ಅಂದರೆ ಆಗುಂಬೆಯ ‘ಹೆವಿ ರೇನ್’ ನೆನಪಾಗಬೇಕು. ಅದನ್ನು ಯಾರೂ ‘ಸ್ಟ್ರಾಂಗ್ ರೇನ್’ ಅನ್ನುವುದಿಲ್ಲ.

ಎರಡನೇ ಪೇಪರ್‌ನಲ್ಲಿ ಒಂದು ಟೆಸ್ಟ್ ಕೊಟ್ಟು, ಇಂಥ ವಿದ್ಯಾರ್ಥಿಗೆ ಅದು ಹೊಂದುತ್ತದಾ ಎಂದು ಕೇಳುತ್ತಾರೆ. ವ್ಯಾಲಿಡಿಟಿ (ಅಳೆಯಬೇಕಾದ್ದನ್ನೇ ಅಳೆಯುತ್ತದಾ), ರಿಲಯಬಿಲಿಟಿ (ಯಾವಾಗ ಅಳೆದರೂ ಫಲಿತಾಂಶ ಒಂದೇನಾ), ಬ್ಯಾಕ್‌ವಾಷ್ (ಟೆಸ್ಟ್‌ನಿಂದ ಪಾಠದ ಮೇಲಾಗುವ ಪರಿಣಾಮ) ಎಂದು ಬರೆದರೆ ಸಾಲದು, ಆ ವಿದ್ಯಾರ್ಥಿಗೆ ತಂದು ಜೋಡಿಸಬೇಕು. ಬೋಧನಾ ವಿಧಾನಗಳೂ ಇದೇ ಪೇಪರ್‌ಗೆ ಬೇಕು. ಓದನ್ನು ನಮ್ಮ ಮನೆಯಿಂದಲೇ ಶುರು ಮಾಡಿ. ಇಂಗ್ಲಿಷ್ ಬೋಧನಾ ತಜ್ಞ ಎನ್. ಎಸ್. ಪ್ರಭು ಅವರ ‘ಬೆಂಗಳೂರು ಪ್ರಾಜೆಕ್ಟ್’ 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲೇ ನಡೆಯಿತು. ಟಾಸ್ಕ್ ಆಧಾರಿತ ಕಲಿಕೆಯ, ಅಂದರೆ ಕೆಲಸ ಕೊಟ್ಟು ಅದರ ಮೂಲಕ ಭಾಷೆ ಕಲಿಸುವ ವಿಧಾನದ, ಚರ್ಚೆ ಎಲ್ಲಿ ಬಂದರೂ ಅದರ ಹೆಸರು ಬರುತ್ತದೆ. ಅವರು ಹೇಳಿದ ಮೂರು ಬಗೆಯ ಚಟುವಟಿಕೆಗಳಲ್ಲಿ ರೀಸನಿಂಗ್ ಗ್ಯಾಪ್ ಒಂದು: ಕೊಟ್ಟ ಮಾಹಿತಿಯಿಂದ ಯೋಚಿಸಿ ಹೊಸ ಮಾಹಿತಿ ಕಂಡುಕೊಳ್ಳುವುದು. ಶಿವಮೊಗ್ಗ-ತಾಳಗುಪ್ಪ ರೈಲಿನ ವೇಳಾಪಟ್ಟಿ ಕೊಟ್ಟು, ಜೋಗ ನೋಡಿ ಸಂಜೆಯೊಳಗೆ ವಾಪಸ್ ಬರಲು ಯಾವ ರೈಲು ಹಿಡಿಯಬೇಕು ಎಂದು ಮಕ್ಕಳಿಗೇ ಲೆಕ್ಕ ಹಾಕಲು ಬಿಡಿ. ಪಾಠವೂ ಆಯಿತು, ನಿಮ್ಮ ತಯಾರಿಯೂ ಆಯಿತು.

ಪರೀಕ್ಷೆ ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್‌ನಲ್ಲಿ. ನಿಮಗೆ ಡಿಸೆಂಬರ್ ವಾಸಿ; ಜೂನ್‌ನಲ್ಲಿ ಶಾಲೆಯ ಗಲಾಟೆಯೂ ಮಳೆಯೂ ಒಟ್ಟಿಗೆ ಬರುತ್ತವೆ. ಹಳೆಯ ಪ್ರಶ್ನೆಪತ್ರಿಕೆ ಮತ್ತು ಪರೀಕ್ಷಕರ ವರದಿಗಳನ್ನು ಮಳೆಗೆ ಮುಂಚೆಯೇ ಇಳಿಸಿಕೊಂಡು ಶಿವಮೊಗ್ಗದಲ್ಲಿ ಪ್ರಿಂಟ್ ಹಾಕಿಸಿ. ವರದಿಗಳಲ್ಲಿ ಯಾವ ಉತ್ತರಕ್ಕೆ ಅಂಕ ಬಂತು, ಯಾವುದಕ್ಕೆ ಬರಲಿಲ್ಲ ಎಂಬುದು ಇರುತ್ತದೆ. ಭಾನುವಾರ ಗಡಿಯಾರ ಇಟ್ಟುಕೊಂಡು ಒಂದು ಪೇಪರ್ ಪೂರ್ತಿ ಬರೆಯಿರಿ. ಅಧಿಕೃತ ಪರೀಕ್ಷಾ ಕೇಂದ್ರಕ್ಕೆ ಮಾತ್ರ ಈಗಲೇ ಪತ್ರ ಬರೆದು, ಹೊರಗಿನ ಅಭ್ಯರ್ಥಿಯನ್ನು ಸೇರಿಸಿಕೊಳ್ಳುತ್ತಾರಾ, ನೋಂದಣಿಯ ಕೊನೆಯ ದಿನ ಯಾವುದು ಎಂದು ಕೇಳಿಬಿಡಿ.