ಮೂವರು ಸಲಹೆಗಾರರನ್ನು ಕಂಡು ಬಂದ ಕುಟುಂಬ

ಆ ತಂದೆಯ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಹಿಂದಿನ ಎರಡು ವರ್ಷಗಳಲ್ಲಿ ಮೂವರು ಆಪ್ತಸಲಹೆಗಾರರು ಏನೇನು ಹೇಳಿದ್ದರು ಎಂಬುದನ್ನು ದಿನಾಂಕ ಸಮೇತ ಬರೆದುಕೊಂಡಿದ್ದರು. ಕೂತವರೇ ಅದನ್ನು ನನ್ನ ಮುಂದಿಟ್ಟು, "ಮೇಡಂ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಇದರಲ್ಲಿ ಸರಿ ಯಾವುದು ಅಂತ ನೀವೇ ಹೇಳಿಬಿಡಿ, ಅದನ್ನೇ ಮಾಡ್ತೀವಿ" ಅಂದರು.

ಇಂಥ ನೋಟ್‌ಬುಕ್ ಹಿಡಿದೋ, ತಲೆಯಲ್ಲೇ ಹೊತ್ತುಕೊಂಡೋ ಬರುವ ಕುಟುಂಬಗಳನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಒಬ್ಬರ ಬಳಿ ಎರಡು ಸಲ, ಇನ್ನೊಬ್ಬರ ಬಳಿ ಮೂರು ಸಲ ಹೋಗಿರುತ್ತಾರೆ. ಫಲ ಕಾಣದೆ ಬಿಟ್ಟಿರುತ್ತಾರೆ. ತಮ್ಮ ಮನೆಯೇ ಸರಿಪಡಿಸಲಾಗದ್ದು ಎಂಬ ನಂಬಿಕೆ ಅಷ್ಟರಲ್ಲಿ ಬೇರುಬಿಟ್ಟಿರುತ್ತದೆ. ಆ ನಂಬಿಕೆ ಹುಟ್ಟುವುದರಲ್ಲಿ ನಮ್ಮಂಥ ಸಲಹೆಗಾರರ ಪಾಲೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಕುಟುಂಬದ ಒಪ್ಪಿಗೆ ಪಡೆದಿದ್ದೇನೆ.

ತಂದೆ, ತಾಯಿ, 13 ವರ್ಷದ ಮಗಳು, 9 ವರ್ಷದ ಮಗ. ಮಗಳು ಶಾಲೆಗೆ ಹೋಗುತ್ತಿರಲಿಲ್ಲ. ವಾರದಲ್ಲಿ ಎರಡು ದಿನ ಹೋದರೆ ಹೆಚ್ಚು. ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆನೋವು, ವಾಂತಿ ಬರುವಂತಾಗುವುದು, ಅಳು. ವೈದ್ಯರು ಪರೀಕ್ಷೆ ಮಾಡಿ ದೇಹದಲ್ಲಿ ತೊಂದರೆಯಿಲ್ಲ ಎಂದಿದ್ದರು. ಶಾಲೆಯಲ್ಲಿ ಯಾರಾದರೂ ಪೀಡಿಸುತ್ತಿದ್ದಾರೆಯೇ, ಕಲಿಕೆಯಲ್ಲಿ ತೊಡಕಿದೆಯೇ ಎಂಬುದನ್ನೂ ವಿಚಾರಿಸಿ ಆಗಿತ್ತು. ಇಷ್ಟು ನೋಡದೆ ಯಾರೂ ಇಂಥ ಮಗುವನ್ನು ಕುಟುಂಬ ಚಿಕಿತ್ಸೆಗೆ, ಅಂದರೆ ಮನೆಯವರನ್ನೆಲ್ಲ ಸೇರಿಸಿ ಮಾಡುವ ಆಪ್ತಸಲಹೆಗೆ, ಕೂರಿಸಬಾರದು.

ನೋಟ್‌ಬುಕ್ ಓದಿದೆ. ಮೊದಲನೆಯವರು ಮೂರು ತಲೆಮಾರಿನ ಕುಟುಂಬ ನಕ್ಷೆ ಬರೆಸಲು ಹೊರಟಿದ್ದರು. ಇದು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಅವರ ದಾರಿ. 1954ರಿಂದ 1959ರವರೆಗೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದವರ ಜೊತೆಗೆ ಅವರ ಮನೆಯವರನ್ನೂ ವಾರ್ಡಿನಲ್ಲೇ ಇರಿಸಿಕೊಂಡು ನೋಡಿದವರು ಅವರು. ಇಬ್ಬರ ನಡುವಿನ ಬಿಗುವು ತಡೆಯಲಾರದಷ್ಟಾದಾಗ ಮೂರನೆಯವರನ್ನು ನಡುವೆ ಎಳೆದುಕೊಳ್ಳುತ್ತೇವೆ, ಈ ಚಾಳಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ ಎಂಬುದು ಅವರು ಕಂಡುಕೊಂಡದ್ದು. ತಂದೆಯ ಅಪ್ಪನ ವಿಷಯ ಬಂದಾಗ ಈ ತಂದೆ, "ಮಗಳು ಶಾಲೆಗೆ ಹೋಗಲ್ಲ ಅಂದ್ರೆ ನಮ್ಮಪ್ಪನ ಕಥೆ ಯಾಕೆ?" ಎಂದು ಎದ್ದು ಬಂದಿದ್ದರು. ನಕ್ಷೆ ಅರ್ಧಕ್ಕೇ ನಿಂತಿತು.

ಎರಡನೆಯವರು ಮಗಳ ಭಯಕ್ಕೆ ಒಂದು ಹೆಸರಿಡಿಸಿದ್ದರು. ಆಸ್ಟ್ರೇಲಿಯಾದ ಮೈಕೆಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್ ಬೆಳೆಸಿದ ಕಥನ ವಿಧಾನ ಇದು. ಮಗುವೇ ಸಮಸ್ಯೆ ಎಂದು ನೋಡದೆ, ಸಮಸ್ಯೆಯನ್ನು ಮಗುವಿನಿಂದ ಬಿಡಿಸಿ ಎದುರಿಗೆ ನಿಲ್ಲಿಸಿ, ಎಲ್ಲರೂ ಒಂದೇ ಕಡೆ ನಿಂತು ಅದನ್ನು ಎದುರಿಸುವುದು. ಹುಡುಗಿಗೆ ಇದು ಹಿಡಿಸಿತ್ತು. ಆದರೆ ಮನೆಯಲ್ಲಿ ತಂದೆ ಆ ಹೆಸರನ್ನೇ ಅಣಕಿಸಲು ಬಳಸಿದರು. ಹುಡುಗಿ ಆಮೇಲೆ ಅದನ್ನು ಉಚ್ಚರಿಸಲಿಲ್ಲ.

ಮೂರನೆಯವರು ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ಅವರ ಪರಿಹಾರ ಕೇಂದ್ರಿತ ವಿಧಾನದವರು. ರಾತ್ರಿ ನಿದ್ದೆಯಲ್ಲಿದ್ದಾಗ ಪವಾಡ ನಡೆದು ಸಮಸ್ಯೆ ಹೋಗಿಬಿಟ್ಟರೆ ಬೆಳಗ್ಗೆ ಏನು ಬೇರೆಯಾಗಿರುತ್ತದೆ, ಇವತ್ತು ಹತ್ತರಲ್ಲಿ ನಿನ್ನ ಅಂಕ ಎಷ್ಟು ಎಂದೆಲ್ಲ ಕೇಳುತ್ತಾರೆ. ಒಳ್ಳೆಯ ಪ್ರಶ್ನೆಗಳೇ. ಮನೆಗೆ ಹೋದ ಮೇಲೆ ಅಪ್ಪ ಅಮ್ಮ ದಿನಾ ಬೆಳಗ್ಗೆ "ಇವತ್ತು ಎಷ್ಟು?" ಎಂದು ಕೇಳತೊಡಗಿದರು. ಹುಡುಗಿಯ ಪಾಲಿಗೆ ಅದು ಇನ್ನೊಂದು ಪರೀಕ್ಷೆಯಾಯಿತು.

ಮೂವರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಆದರೆ ತಾವು ಯಾವ ದಾರಿ ಹಿಡಿದಿದ್ದೇವೆ, ಯಾಕೆ, ಎಷ್ಟು ದಿನ ಬೇಕು, ನಡುವೆ ಏನು ಕಷ್ಟವಾಗಬಹುದು ಎಂಬುದನ್ನು ಮನೆಯವರಿಗೆ ಹೇಳಿದ ಗುರುತು ಆ ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ. ಎಲ್ಲವನ್ನೂ ಬರೆದಿಡುವ ಮನುಷ್ಯ ಅದನ್ನು ಮಾತ್ರ ಬಿಟ್ಟಿರಲಾರರು.

ಮೊದಲು ನಾಲ್ವರನ್ನೂ ಬೇರೆ ಬೇರೆಯಾಗಿ ಕಂಡೆ. ಇದು ನಾನು ಬಿಡದ ನಿಯಮ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಎಲ್ಲರನ್ನೂ ಒಟ್ಟಿಗೆ ಕೂರಿಸುವುದೇ ಅಪಾಯ. ಇಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಸಮಸ್ಯೆಯಲ್ಲಿ ಎಲ್ಲರಿಗೂ ಪಾಲಿದೆ ಎಂಬ ಮಾತು ಹೊಡೆಸಿಕೊಂಡವರ ಮೇಲೂ ತಪ್ಪು ಹೊರಿಸಿಬಿಡುತ್ತದೆ. ನಮ್ಮ ಕ್ಷೇತ್ರ ಗಂಡು ಹೆಣ್ಣಿನ ನಡುವಿನ ಅಧಿಕಾರವನ್ನು ಕಾಣದೆ ಕೂತಿದೆ ಎಂದು ಮನಶ್ಶಾಸ್ತ್ರಜ್ಞೆ ರೇಚಲ್ ಹೇರ್-ಮಸ್ಟಿನ್ 1978ರಲ್ಲೇ ಬರೆದಿದ್ದರು. ಈ ಮನೆಯಲ್ಲಿ ಅಂಥ ಹಿಂಸೆ ಇರಲಿಲ್ಲ. ಇದ್ದದ್ದು ಗಂಡ ಹೆಂಡತಿಯ ನಡುವೆ ದಿನಗಟ್ಟಲೆ ನಡೆಯುವ ಮೌನ.

ಎಲ್ಲರೂ ಒಟ್ಟಿಗೆ ಕೂತ ಎರಡನೇ ಸೆಷನ್. ಮಗ ಮೂಲೆಯ ಕುರ್ಚಿಯಲ್ಲಿ ಕಾಲು ಆಡಿಸುತ್ತಿದ್ದ. "ಇವನದೇನೂ ತೊಂದರೆ ಇಲ್ಲ ಮೇಡಂ, ಪಾಪದವನು" ಎಂದು ತಾಯಿ ಮೊದಲ ದಿನವೇ ಹೇಳಿದ್ದರು. ಹಿಂದಿನ ಮೂವರೂ ಅವನನ್ನು ಕರೆಸಿರಲಿಲ್ಲ. ನಾನು ಅವನ ಕಡೆ ತಿರುಗಿ, "ಅಕ್ಕ ನಾಳೆ ಶಾಲೆಗೆ ಹೋಗಲ್ಲ ಅಂತ ಮನೇಲಿ ಎಲ್ಲರಿಗಿಂತ ಮೊದಲು ಯಾರಿಗೆ ಗೊತ್ತಾಗುತ್ತೆ?" ಎಂದು ಕೇಳಿದೆ.

"ನಂಗೆ."

"ಹೌದಾ? ಹೇಗೆ ಗೊತ್ತಾಗುತ್ತೆ?"

"ರಾತ್ರಿ ಅಮ್ಮ ಅಕ್ಕನ ರೂಮಲ್ಲಿ ಮಲಗಿದ್ರೆ ಅಕ್ಕ ಬೆಳಗ್ಗೆ ಹೋಗಲ್ಲ."

ಯಾರೂ ಉಸಿರೆತ್ತಲಿಲ್ಲ. ಆಮೇಲೆ ತಂದೆ ಹೆಂಡತಿಯ ಕಡೆ ತಿರುಗಿ, "ನೋಡು, ನಾನು ಹೇಳಿರಲಿಲ್ವಾ?" ಅಂದರು. ತಾಯಿಯ ಮುಖ ಕಪ್ಪಿಟ್ಟಿತು.

ಆ ಕ್ಷಣ ನನಗೆ ಭಯವಾಯಿತು. ತಾಯಿಯ ಮೇಲೆ ತಪ್ಪು ಹೊರಿಸುವ ಕೆಲಸವನ್ನು ನಮ್ಮ ವಿದ್ಯೆ ಹಿಂದೆ ಬೇಕಾದಷ್ಟು ಮಾಡಿದೆ. ಮಗುವಿಗೆ ಸ್ಕಿಜೋಫ್ರೇನಿಯಾ ಬರಿಸುವ ತಾಯಿ ಎಂಬ ಮಾತು 1948ರಷ್ಟು ಹಿಂದೆಯೇ ಬಂದು, ಎಷ್ಟೋ ಹೆಂಗಸರನ್ನು ಸುಟ್ಟಿತು. ಆಮೇಲೆ ಅದಕ್ಕೆ ಆಧಾರವೇ ಇಲ್ಲ ಎಂದಾಯಿತು. ಹುಡುಗನ ಮಾತು ಅಲ್ಲಿಗೇ ನಿಂತರೆ ಈ ಮನೆಯಲ್ಲೂ ಅದೇ ಆಗುತ್ತಿತ್ತು. ಇಟಲಿಯ ಮಿಲಾನ್ ತಂಡದ ನಾಲ್ವರು ಕುಟುಂಬ ಚಿಕಿತ್ಸಕರು 1980ರಲ್ಲಿ ವಿವರಿಸಿದ ಪ್ರಶ್ನಾಕ್ರಮ ಇಲ್ಲಿ ಕೈಹಿಡಿಯುತ್ತದೆ. ಇಬ್ಬರ ನಡುವೆ ನಡೆಯುವುದನ್ನು ಮೂರನೆಯವರ ಬಾಯಿಂದ ಕೇಳುವುದು, ಒಂದು ಸುತ್ತು ಪೂರ್ತಿಯಾಗುವವರೆಗೆ ಕೇಳುತ್ತಲೇ ಹೋಗುವುದು. ತಂದೆಗೆ ಉತ್ತರ ಕೊಡದೆ ಮತ್ತೆ ಹುಡುಗನನ್ನೇ ಕೇಳಿದೆ.

"ಅಮ್ಮ ಅಕ್ಕನ ರೂಮಿಗೆ ಹೋದ ರಾತ್ರಿ ಅಪ್ಪ ಏನು ಮಾಡ್ತಿರ್ತಾರೆ?"

"ಹಾಲಲ್ಲಿ ಟಿವಿ ಹಾಕ್ಕೊಂಡು ಕೂತಿರ್ತಾರೆ. ಆದ್ರೆ ಸೌಂಡ್ ಇರಲ್ಲ."

"ಅಕ್ಕ?"

"ಅಕ್ಕ ಅಮ್ಮನ ಜೊತೆ ಮಾತಾಡ್ತಾ ಇರ್ತಾಳೆ. ಅಮ್ಮ ಅಳ್ತಾರೆ."

"ನೀನು?"

ಕಾಲು ಆಡಿಸುವುದು ನಿಂತಿತು. "ನಾನು ಯಾವ ಬಾಗಿಲು ಅಂತ ಕೇಳಿಸ್ಕೊಳ್ತಾ ಇರ್ತೀನಿ. ಅಮ್ಮನ ರೂಮಿಂದು ಕಿರ್ ಅನ್ನುತ್ತೆ, ಅಕ್ಕಂದು ಅನ್ನಲ್ಲ."

ತಂದೆ ತಲೆ ತಗ್ಗಿಸಿದರು. ಏನೂ ತೊಂದರೆ ಇಲ್ಲದ ಮಗು ರಾತ್ರಿಯೆಲ್ಲ ಕಾವಲು ಕಾಯುತ್ತಿತ್ತು. ಹುಡುಗಿ ಮೊದಲ ಬಾರಿಗೆ ತಾನಾಗಿ ಮಾತಾಡಿದಳು: "ನಾನು ಹೋದ್ರೆ ಅಮ್ಮ ಒಬ್ಬರೇ ಆಗ್ತಾರೆ."

ಅದೇ ರಾತ್ರಿಯನ್ನು ಬೋವೆನ್ ನೋಡಿದ್ದರೆ ತ್ರಿಕೋನ ಎನ್ನುತ್ತಿದ್ದರು. ಫಿಲಡೆಲ್ಫಿಯಾದ ಮಕ್ಕಳ ಚಿಕಿತ್ಸಾಲಯದಲ್ಲಿ ಮನೆಯಲ್ಲಿ ಯಾರ ಜಾಗ ಎಲ್ಲಿ ಎಂದು ನೋಡುವ ರಚನಾ ವಿಧಾನವನ್ನು ಬೆಳೆಸಿದ ಸಾಲ್ವಡೋರ್ ಮಿನುಚಿನ್ ಹೆತ್ತವರು ಮತ್ತು ಮಕ್ಕಳ ನಡುವಿನ ಎಲ್ಲೆ ಅಳಿಸಿಹೋಗಿದೆ, ಮಗಳು ಹೆತ್ತವರ ಜಾಗಕ್ಕೆ ಬಂದು ಕೂತಿದ್ದಾಳೆ ಎನ್ನುತ್ತಿದ್ದರು. ಅಮೆರಿಕದ ಇನ್ನೊಬ್ಬ ಕುಟುಂಬ ಚಿಕಿತ್ಸಕಿ ವರ್ಜೀನಿಯಾ ಸಟೀರ್ ಮಾತಿಲ್ಲದ ಗಂಡ, ಎಲ್ಲರನ್ನೂ ಸಮಾಧಾನ ಮಾಡಲು ಹೊರಟ ಮಗಳು, ಇವರ ಒಳಗಿನ ನೋವಿಗೆ ಬಾಯಿ ಕೊಡಿಸುತ್ತಿದ್ದರು. ನೋಡುವ ರಾತ್ರಿ ಒಂದೇ. ಎಲ್ಲಿ ಕೈಹಾಕುತ್ತಾರೆ ಎಂಬುದು ಬೇರೆ.

ನಾನು ಮಿನುಚಿನ್ ದಾರಿಯಲ್ಲಿ ಕೈಹಾಕಿದೆ. ಕಾರಣ ಸರಳ. ಮಗು ಶಾಲೆಯಿಂದ ದೂರ ಉಳಿದಷ್ಟೂ ಮರಳುವುದು ಕಷ್ಟ. ಅಜ್ಜನ ಕಾಲದ ಗಾಯ ಮಾಯುವವರೆಗೆ 13ರ ಹುಡುಗಿಯನ್ನು ಕಾಯಿಸಲಾಗದು. ನಾಳೆ ಬೆಳಗ್ಗೆ ಬದಲಾಗಬಹುದಾದದ್ದನ್ನು ಮೊದಲು ಹಿಡಿಯಬೇಕು. ಅವರಿಗೆ ಹೀಗೆಂದೇ ಹೇಳಿದೆ: ಆರು ವಾರ ಈ ಒಂದೇ ದಾರಿ. ಎರಡನೇ, ಮೂರನೇ ವಾರ ಹಿಂದಿಗಿಂತ ಕೆಟ್ಟಿತು ಅನ್ನಿಸಬಹುದು. ಆಗ ಬಿಟ್ಟು ಹೋಗಬೇಡಿ, ಬಂದು ಜಗಳ ಆಡಿ.

ಮಕ್ಕಳು ಮಲಗಿದ ಮೇಲೆ ಗಂಡ ಹೆಂಡತಿ 20 ನಿಮಿಷ ಎದುರುಬದುರು ಕೂರಬೇಕು, ಟಿವಿ ಆರಿಸಿ. ಮಾತಾಡುವುದು ನಾಳೆ ಬೆಳಗಿನ ವಿಷಯ ಮಾತ್ರ, ಹಳೆಯ ಲೆಕ್ಕ ತೆಗೆಯುವಂತಿಲ್ಲ. ತಾಯಿಗೆ ದುಃಖ ಬಂದ ರಾತ್ರಿ ಮಗಳ ಕೋಣೆಗೆ ಹೋಗುವ ಬದಲು ನನ್ನ ಜೊತೆಗಿನ ಸೆಷನ್‌ಗೆ ಬರೆದಿಟ್ಟುಕೊಳ್ಳಬೇಕು, ಇಲ್ಲವೇ ತಂಗಿಗೆ ಫೋನ್ ಮಾಡಬೇಕು. ಬೆಳಗ್ಗೆ ಮಗಳನ್ನು ಎಬ್ಬಿಸಿ ಶಾಲೆಯವರೆಗೆ ಬಿಟ್ಟುಬರುವುದು ತಂದೆಯ ಪಾಲು. ಶಾಲೆಗೆ ಮೊದಲ ವಾರ ಎರಡು ತಾಸು ಸಾಕು, ತರಗತಿಯ ಶಿಕ್ಷಕಿಯೊಂದಿಗೆ ಮಾತಾಡಿ ಒಪ್ಪಿಸಿ ಆಗಿತ್ತು. ಮಗನಿಗೆ ಅಪ್ಪ ಅಮ್ಮ ಇಬ್ಬರೂ ಸೇರಿ ಹೇಳಬೇಕಾದ ಮಾತು ಒಂದೇ: "ಬಾಗಿಲು ನಾವು ನೋಡ್ಕೋತೀವಿ, ನೀನು ಮಲಗು."

ತಾಯಿ ಮಗಳ ಪಕ್ಕ ಮಲಗಿದರೆ ತಪ್ಪೇ ಎಂದು ಒಬ್ಬ ಸಹೋದ್ಯೋಗಿ ನನ್ನ ಮೇಲೆ ಸಿಟ್ಟಾದರು. ಖಂಡಿತ ತಪ್ಪಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳು ತಾಯಿಯ ಪಕ್ಕದಲ್ಲೇ ಮಲಗಿ ಚೆನ್ನಾಗಿ ಬೆಳೆಯುತ್ತಾರೆ. ನಾನು ತಡೆದದ್ದು ಮಲಗುವುದನ್ನಲ್ಲ, ಗಂಡನಿಗೆ ಹೇಳಬೇಕಾದ ಮಾತನ್ನು 13 ವರ್ಷದವಳ ಕಿವಿಗೆ ಹಾಕುವುದನ್ನು. ಆ ವ್ಯತ್ಯಾಸ ಬಿಡಿಸಿ ಹೇಳದೆ ನಿಮ್ಮಲ್ಲಿ ಎಲ್ಲೆ ಇಲ್ಲ ಎಂದು ತಾಯಿಯ ಹಣೆಗೆ ಚೀಟಿ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ.

ಮೂರನೇ ವಾರ ಎಲ್ಲವೂ ಮುರಿದುಬಿತ್ತು. ಮನೆಯಲ್ಲಿ ದೊಡ್ಡ ಜಗಳವಾಗಿ ತಾಯಿ ಮತ್ತೆ ಮಗಳ ಕೋಣೆ ಸೇರಿದರು, ಮಗಳು ನಾಲ್ಕು ದಿನ ಶಾಲೆ ತಪ್ಪಿಸಿದಳು. ತಂದೆ ಫೋನ್ ಮಾಡಿ ಬೇರೆ ಯಾರನ್ನಾದರೂ ನೋಡ್ತೀವಿ ಎಂದರು. ಇದು ಬರುತ್ತದೆ ಎಂದು ಮೊದಲೇ ಹೇಳಿದ್ದರಿಂದ ಅವರನ್ನು ತಡೆಯಲು ನನಗೆ ಬಾಯಿ ಇತ್ತು. ಬಂದರು. ಆ ದಿನ ಗಂಡ ಹೆಂಡತಿ ಜಗಳವನ್ನು ನನ್ನ ಎದುರಿಗೇ ಮುಗಿಸಿದರು, ಮಕ್ಕಳು ಹೊರಗೆ ಕೂತಿದ್ದರು.

ನಾಲ್ಕು ತಿಂಗಳ ಹೊತ್ತಿಗೆ ಹುಡುಗಿ ವಾರದಲ್ಲಿ ನಾಲ್ಕು ದಿನವಾದರೂ ಪೂರ್ತಿ ಹೊತ್ತು ಹೋಗುತ್ತಿದ್ದಳು. ಹೊಟ್ಟೆನೋವು ಪರೀಕ್ಷೆಯ ದಿನಗಳಲ್ಲಿ ಈಗಲೂ ಬರುತ್ತದೆ. ದಾಂಪತ್ಯ ಸರಿಹೋಗಿದೆ ಎಂದು ನಾನು ಹೇಳಲಾರೆ.

ಸಲಹೆಗಾರರ ಬಳಿ ಹೋಗುವವರಿಗೆ ನಾನು ಕೇಳಿಕೊಳ್ಳುವುದು ಇಷ್ಟು: ಮೊದಲ ದಿನವೇ "ನೀವು ಯಾವ ದಾರಿಯಲ್ಲಿ ಕೆಲಸ ಮಾಡ್ತೀರಿ, ಎಷ್ಟು ವಾರ ಕೊಡಬೇಕು, ಸರಿಹೋಗ್ತಿಲ್ಲ ಅಂತ ನಾವು ಹೇಗೆ ತಿಳಿಯಬೇಕು?" ಎಂದು ಕೇಳಿ. ಕೇಳುವುದು ಅವಿಧೇಯತೆಯಲ್ಲ. ಈ ಪ್ರಶ್ನೆಗೆ ಬೇಸರಪಡುವವರ ಬಳಿ ನಿಮ್ಮ ಮಗುವನ್ನು ಕೂರಿಸಬೇಡಿ.

ಹೋದ ತಿಂಗಳು ಆ ತಂದೆ ಒಬ್ಬರೇ ಬಂದರು. ನೋಟ್‌ಬುಕ್ಕಿನ ನಡುವಿನಿಂದ ಮಡಿಸಿಟ್ಟ ಒಂದು ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದರು. ಮೊದಲ ಸಲಹೆಗಾರರ ಬಳಿ ಅರ್ಧಕ್ಕೆ ನಿಂತಿದ್ದ ನಕ್ಷೆ. ತಮ್ಮ ತಂದೆಯ ಹೆಸರಿನ ಚೌಕ ಖಾಲಿ ಇತ್ತು. "ಇದನ್ನ ಈಗ ಬರೀಬಹುದು ಅನ್ಸುತ್ತೆ ಮೇಡಂ" ಅಂದರು. ನಾನು ಪೆನ್ಸಿಲ್ ಕೊಟ್ಟೆ.