ಹೊಂಡದ ತಳದಲ್ಲಿ ಹೊಳೆಯುವ ಜೇಡಿಮಣ್ಣು: ಅದು ಕೆರೆ ಹೂಳೇ?

ಪ್ರಶ್ನೆ: ಮದ್ದೂರಿನ ಹತ್ತಿರ ನಮ್ಮ ಹೊಲದಲ್ಲಿ ಕೃಷಿ ಹೊಂಡ ತೆಗೆಸುತ್ತಿದ್ದೇವೆ. ಮೇಲೆ ಆರಡಿ ಮರಳು ಮಣ್ಣು. ಕೆಳಗೆ ಇದ್ದಕ್ಕಿದ್ದಂತೆ ಕಡುಕೆಂಪು ಅಂಟುಮಣ್ಣು ಬಂತು. ಹೆಂಟೆ ಒಡೆದರೆ ಒಳಗೆಲ್ಲ ಎಣ್ಣೆ ಸವರಿದ ಹಾಗೆ ಹೊಳಪು. ನಡುವೆ ಸುಣ್ಣದ ಗಂಟುಗಳೂ ಇವೆ. ಊರಿನವರು ಹಳೇ ಕೆರೆ ಹೂಳು ಅಂತಾರೆ. ಹೌದಾ ಸಾರ್?

ಉತ್ತರ: ಹೂಳಲ್ಲ ಅನ್ನಿಸುತ್ತದೆ. ಹೂಳು ಸಾಮಾನ್ಯವಾಗಿ ಬೂದು ಇಲ್ಲವೇ ಕಪ್ಪು, ಪದರ ಪದರವಾಗಿ ಕೂತಿರುತ್ತದೆ. ನಿಮ್ಮದು ಒಂದು ಕಾಲಕ್ಕೆ ಬಿಸಿಲು ಮಳೆ ಕಂಡ ನೆಲ. ಆಮೇಲೆ ಕೊಚ್ಚಿ ಬಂದ ಮಣ್ಣಿನಡಿ ಹೂತುಹೋಗಿರಬೇಕು.

ಮಂಡ್ಯ ಸೀಮೆಯ ಅಡಿಯಲ್ಲಿರುವುದು ಹೆಚ್ಚಾಗಿ ನೈಸ್ (gneiss) ಎಂಬ ಪಟ್ಟೆಪಟ್ಟೆಯ ಗಟ್ಟಿ ಕಲ್ಲು, 250 ಕೋಟಿ ವರ್ಷಕ್ಕಿಂತ ಹಳೆಯದು. ಮಳೆನೀರು ಅದರ ಫೆಲ್ಡ್‌ಸ್ಪಾರ್ ಖನಿಜವನ್ನು ನಿಧಾನವಾಗಿ ಕರಗಿಸುತ್ತದೆ. ಸೋಡಿಯಂ, ಕ್ಯಾಲ್ಸಿಯಂ ತೊಳೆದು ಹೋಗುತ್ತವೆ. ಉಳಿದ ಸಿಲಿಕಾ, ಅಲ್ಯೂಮಿನಿಯಂ ಸೇರಿ ಜೇಡಿ ಆಗುತ್ತದೆ. ನೀರು ಬಸಿಯುವ ಕಡೆ ಕೆಯೊಲಿನೈಟ್ ಎಂಬ ಜೇಡಿ, ನೀರು ನಿಲ್ಲುವ ತಗ್ಗಿನಲ್ಲಿ ನೆನೆದರೆ ಉಬ್ಬುವ ಸ್ಮೆಕ್ಟೈಟ್ ಎಂಬ ಜೇಡಿ. ನಮ್ಮ ಎರೆಮಣ್ಣಿನಲ್ಲಿ ಜಾಸ್ತಿ ಇರುವುದು ಈ ಎರಡನೆಯದು.

ಜೇಡಿಯ ಕಣ 0.002 ಮಿಲಿಮೀಟರಿಗಿಂತ ಸಣ್ಣದು. ಮಳೆನೀರಿನಲ್ಲಿ ಲವಣ ಕಡಿಮೆ, ಹಾಗಾಗಿ ಕಣಗಳು ಬಿಡಿಬಿಡಿಯಾಗಿ ತೇಲುತ್ತವೆ. ಬೇರು ಕೊಳೆತ ತೂತು, ಬಿರುಕುಗಳ ದಾರಿ ಹಿಡಿದು ಕೆಳಗಿಳಿಯುತ್ತವೆ. ಕೆಳಗಿನ ಒಣ ಮಣ್ಣು ನೀರು ಹೀರಿಕೊಂಡಾಗ ಜೇಡಿ ಗೋಡೆಗೆ ಪೊರೆಯಾಗಿ ಕೂರುತ್ತದೆ. ಮಳೆ ಮೇಲೆ ಮಳೆ, ಪೊರೆ ಮೇಲೆ ಪೊರೆ. ನಿಮಗೆ ಕಂಡ ಹೊಳಪು ಅದೇ ಇರಬೇಕು. ಹೊಳಪಿನ ಮೇಲೆ ಸಾಲು ಗೀರುಗಳಿದ್ದರೆ ಮಾತ್ರ ಲೆಕ್ಕ ಬೇರೆ: ಅದು ಮಣ್ಣು ಉಬ್ಬಿ ಕುಗ್ಗಿ ಉಜ್ಜಿಕೊಂಡ ಗುರುತು.

ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು ಸುಣ್ಣದ ಗಂಟು. ಸುಣ್ಣ ಇರುವ ಕಡೆ ಜೇಡಿ ಕಣಗಳು ಗುಂಪುಗಟ್ಟಿಬಿಡುತ್ತವೆ, ಸುಲಭಕ್ಕೆ ಹರಿಯುವುದಿಲ್ಲ. ಅಂದರೆ ಪೊರೆ, ಗಂಟು ಎರಡೂ ಒಂದೇ ಕಾಲದವು ಆಗಿರುವುದು ಕಷ್ಟ ಅಲ್ವಾ? ಒಂದು ಹೆಂಟೆಯನ್ನು ಕೈಯಲ್ಲೇ ಮುರಿದು ಭೂತಗನ್ನಡಿಯಲ್ಲಿ ನೋಡಿ. ಕೆಂಪು ಪೊರೆಯ ಮೇಲೆ ಸುಣ್ಣ ಕೂತಿದ್ದರೆ ಜೇಡಿ ಇಳಿದದ್ದು ಮೊದಲು, ಸುಣ್ಣ ಆಮೇಲೆ. ಮಳೆ ಕಡಿಮೆಯಾಗಿ ಹವೆ ಒಣಗಿರಬಹುದು, ಇಲ್ಲವೇ ಹೂತ ಮೇಲೆ ಮೇಲ್ಮಣ್ಣಿನಿಂದ ಸುಣ್ಣ ಇಳಿದಿರಬಹುದು. ಹೊಸ ಮಣ್ಣಿನ ಜೇಡಿ ಕೂಡ ಹಳೇ ನೆಲದೊಳಗೆ ಇಳಿಯುತ್ತದೆ. ಅದಕ್ಕೇ ಒಂದು ಹೆಂಟೆ ನೋಡಿ ತೀರ್ಮಾನಿಸಬೇಡಿ. ಮೇಲಿಂದ ಕೆಳಗೆ ಅರ್ಧರ್ಧ ಅಡಿಗೊಂದು ಹೆಂಟೆ ತೆಗೆದು, ಆಳ ಬರೆದು, ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳಿ.

ಜೆಸಿಬಿಯವರಿಗೆ ಈಗಲೇ ಹೇಳಿ, ಆ ಕೆಂಪು ಪದರವನ್ನು ತೂರಿ ಕೆಳಗೆ ಹೋಗುವುದು ಬೇಡ. ಹೊಂಡದಲ್ಲಿ ನೀರು ನಿಲ್ಲಲು ಅದೇ ಆಧಾರ.